ಸಲಹೆ ಕೇಳಬೇಡಿ, ತೊಂದರೆ ಕೇಳಿ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಶೀಟ್ ಮೆಟಲ್ ಪ್ರೆಸ್ ಕೆಲಸ, ಸ್ವಲ್ಪ ವೆಲ್ಡಿಂಗ್, ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಓವನ್‌ನಲ್ಲಿ ಕಾಯಿಸೋದು). ಕಾಯಂ, ಗುತ್ತಿಗೆ ಎಲ್ಲಾ ಸೇರಿ ಎಪ್ಪತ್ತು ಜನ. ದೊಡ್ಡ ಕಂಪನಿಗಳಿಗೆ ಮಾಲು ಕೊಡುತ್ತೇವೆ. ಅವರು ಹೇಳಿದ್ದಕ್ಕೆ ಎರಡು ವರ್ಷದ ಹಿಂದೆ ಕೈಜೆನ್ (ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಸುಧಾರಿಸುತ್ತಾ ಹೋಗೋ ಜಪಾನಿ ಪದ್ಧತಿ), ಫೈವ್ ಎಸ್ (ಕೆಲಸದ ಜಾಗ ಚೊಕ್ಕವಾಗಿ, ಒಪ್ಪವಾಗಿ ಇಡೋ ಪದ್ಧತಿ) ತರಬೇತಿ ಮಾಡಿಸಿದೆವು. ಗೋಡೆಗೆ ಪೋಸ್ಟರ್ ಹಾಕಿದೆವು. ಸಲಹೆ ಪೆಟ್ಟಿಗೆ ಇಟ್ಟು ತಿಂಗಳಿಗೊಂದು ಬಹುಮಾನ ಅಂತ ಹೇಳಿದೆವು. ಮೊದಲ ತಿಂಗಳು ಬಂದದ್ದೆಲ್ಲ ಫ್ಯಾನು, ಟಾಯ್ಲೆಟ್, ಕ್ಯಾಂಟೀನ್ ಸಾಂಬಾರಿನ ದೂರು. ಆಮೇಲೆ ಪೆಟ್ಟಿಗೆ ಖಾಲಿ. ಈಗ ಆಡಿಟ್ ಹತ್ತಿರ ಬಂದರೆ ಸೂಪರ್‌ವೈಸರ್‌ಗಳೇ ಕೂತು ಕೈಜೆನ್ ಶೀಟ್ ತುಂಬಿಸುತ್ತಾರೆ. ನಾಟಿ, ಕೊಯ್ಲು ಬಂತೆಂದರೆ ಎಷ್ಟೋ ಜನ ರಜೆ. ನಮ್ಮವರಿಗೆ ಆಸಕ್ತಿಯೇ ಇಲ್ಲ ಅನ್ನಿಸುತ್ತೆ. ಜನರೇ ಮುಂದೆ ಬಂದು ಕೆಲಸ ಸುಧಾರಿಸುವ ವಾತಾವರಣ ತರೋದು ಹೇಗೆ? ಕನ್ಸಲ್ಟೆಂಟ್ ಒಬ್ಬರನ್ನು ಇಟ್ಟುಕೊಳ್ಳಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಫ್ಯಾನು, ಟಾಯ್ಲೆಟ್, ಸಾಂಬಾರಿನ ಮಾತು. ಅದನ್ನು ನೀವು ಯೋಜನೆ ಕೆಟ್ಟಿತು ಅನ್ನೋ ಧಾಟಿಯಲ್ಲಿ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ನಿಮ್ಮ ಜನ ನಿಮ್ಮನ್ನು ನಂಬಿ ಬರೆದ ಮೊದಲ ಚೀಟಿಗಳು ಅವು. 'ಹೇಳಿ ಹೇಳಿ ಅಂತಾರಲ್ಲ, ಹೇಳಿದ್ರೆ ಏನಾದ್ರೂ ಆಗುತ್ತಾ ನೋಡೋಣ' ಅಂತ ಬರೆದಿದ್ದಾರೆ. ಫ್ಯಾನ್ ರಿಪೇರಿ ಆಯಿತೋ ಇಲ್ಲವೋ ನೀವು ತಿಳಿಸಿಲ್ಲ. ಆಗಿಲ್ಲ ಅಂದರೆ, ಪೆಟ್ಟಿಗೆ ಖಾಲಿ ಆಗಿದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಫ್ಯಾನಿನ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡಿ. ಪೌಡರ್ ಕೋಟಿಂಗ್ ಓವನ್ ಪಕ್ಕ ಏಪ್ರಿಲ್ ತಿಂಗಳಲ್ಲಿ ನಿಂತವರು ಫ್ಯಾನ್ ಕೇಳುತ್ತಾರೆ. ಅದು ಅವರ ಸುಖದ ಮಾತು ಅಂತ ನಾವು ಪಕ್ಕಕ್ಕೆ ಇಡುತ್ತೇವೆ. ಆದರೆ ತೊಳೆದು ಒಣಗಿಸಿದ ಶೀಟಿಗೆ ಬೆವರಿನ ಕೈ ತಾಗಿದರೆ ಅಲ್ಲಿ ಪೌಡರ್ ಸರಿಯಾಗಿ ಹಿಡಿಯುವುದಿಲ್ಲ, ಮುಂದೆ ಅಲ್ಲೇ ಸಿಪ್ಪೆ ಏಳುತ್ತೆ. ಹಾಗಾಗಿ ಅದು ರಿಜೆಕ್ಷನ್ ವಿಷಯವೂ ಹೌದು. ಹಾಗಂತ ಸ್ಪ್ರೇ ಬೂತ್ ಕಡೆಗೆ ಫ್ಯಾನ್ ತಿರುಗಿಸಿದರೆ ಪೌಡರೇ ಹಾರಿ ಹೋಗುತ್ತೆ. ಹಾಗಾದರೆ ಎಲ್ಲಿಡಬೇಕು, ಯಾವ ಕಡೆಗೆ ಗಾಳಿ ಬೀಸಬೇಕು, ಕೈಗವಸು ಎಷ್ಟು ಹೊತ್ತಿಗೊಮ್ಮೆ ಬದಲಾಯಿಸಬೇಕು? ಅಲ್ಲಿ ನಿಂತು ಕೆಲಸ ಮಾಡುವವರ ಜೊತೆ ಹತ್ತು ನಿಮಿಷ ಮಾತಾಡಿದರೆ ಇದು ಬಗೆಹರಿಯುತ್ತೆ. ಆ ಹತ್ತು ನಿಮಿಷವೇ ನೀವು ಕೇಳುತ್ತಿರುವ ಸುಧಾರಣೆ. ಕೈಜೆನ್ ಶೀಟು ಅದರ ದಾಖಲೆ ಅಷ್ಟೇ.

ಅದಕ್ಕೆ ನನ್ನ ಮೊದಲ ಮಾತು ಇದು: ಜನರ ಹತ್ತಿರ ಸಲಹೆ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಿ. ತೊಂದರೆ ಕೇಳಿ. ಸಲಹೆ ಅಂದ ತಕ್ಷಣ ಎಸ್‌ಎಸ್‌ಎಲ್‌ಸಿ ಓದಿದ ಆಪರೇಟರ್ ಹಿಂದೆ ಸರಿಯುತ್ತಾನೆ. ಅದು ಎಂಜಿನಿಯರ್‌ಗಳ ಕೆಲಸ, ತಪ್ಪು ಹೇಳಿದರೆ ನಗುತ್ತಾರೆ ಅನ್ನೋ ಅಳುಕು. ತೊಂದರೆ ಹಾಗಲ್ಲ. ದಿನಾ ಅನುಭವಿಸುವುದು. ಅದನ್ನು ಹೇಳಲು ಯಾರಿಗೂ ತರಬೇತಿ ಬೇಡ. ಮತ್ತೆ, ಆಸಕ್ತಿ ಇಲ್ಲ ಅನ್ನೋ ಮಾತನ್ನು ಬಿಟ್ಟುಬಿಡಿ. ನಿಮ್ಮ ಪ್ರೆಸ್ ಆಪರೇಟರ್ ಊರಿನಲ್ಲಿ ಪಂಪ್‌ಸೆಟ್ ಕೆಟ್ಟರೆ ತಾನೇ ಬಿಚ್ಚಿ ಕೂರುತ್ತಾನೆ. ಬುದ್ಧಿ, ಹುಮ್ಮಸ್ಸು ಎರಡೂ ಅವನಲ್ಲಿ ಇದೆ. ಗೇಟ್ ಒಳಗೆ ಬಂದ ಮೇಲೆ ಅದನ್ನು ಬಳಸಿದರೆ ಏನಾಗುತ್ತೆ ಅನ್ನೋದನ್ನು ಅವನು ನೋಡಿ ತಿಳಿದುಕೊಂಡಿದ್ದಾನೆ.

ಏನಾಗುತ್ತೆ ಅನ್ನೋದಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕೂರ್ಗಳ್ಳಿ ಕಡೆ ಒಂದು ಘಟಕ, ನಿಮ್ಮದೇ ತರಹದ ಕೆಲಸ. ಪ್ರೆಸ್‌ನಿಂದ ಬಂದ ಬ್ರಾಕೆಟ್‌ಗಳ ಅಂಚಿನಲ್ಲಿ ಏಳುವ ಬರ್, ಅಂದರೆ ಲೋಹದ ಚೂಪು ಎಸಳು, ಉಜ್ಜಿ ತೆಗೆಯಲು ನಾಲ್ಕು ಜನ ಹೆಣ್ಣುಮಕ್ಕಳು ಕೂರುತ್ತಿದ್ದರು. ಒಬ್ಬರು ಅರದ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಮರದ ಹಿಡಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತಿತ್ತು, ಅದಕ್ಕೆ. ಅವರನ್ನು ನೋಡಿ ಉಳಿದ ಮೂವರೂ ಸುತ್ತಿಕೊಂಡರು. ಯಾರೂ ಹೇಳಿಕೊಟ್ಟಿದ್ದಲ್ಲ, ಯಾರೂ ಬಹುಮಾನ ಕೊಟ್ಟಿದ್ದಲ್ಲ. ಗ್ರಾಹಕ ಕಂಪನಿಯ ಆಡಿಟ್ ಇದ್ದ ಹಿಂದಿನ ದಿನ ಸೂಪರ್‌ವೈಸರ್ ಬಂದು, 'ಇದೆಲ್ಲ ಬಿಚ್ಚಾಕಿ, ನೋಡೋಕೆ ಚೆನ್ನಾಗಿರಲ್ಲ' ಅಂದರು. ನಾಲ್ಕೂ ಜನ ಬಿಚ್ಚಿದರು. ಮತ್ತೆ ಸುತ್ತಲಿಲ್ಲ.

ನಾನು ಆ ಅಕ್ಕನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. 'ಏನಕ್ಕಾ, ಕೆಲಸದಲ್ಲಿ ಏನಾದ್ರೂ ತೊಂದರೆ ಇದ್ಯಾ?' ಅಂದೆ. 'ಏನೂ ಇಲ್ಲ ಸಾರ್, ಚೆನ್ನಾಗೈತೆ.' ಹೊರಗಿನವರು ಕೇಳಿದರೆ ಎಲ್ಲ ಕಡೆ ಸಿಗೋದು ಇದೇ ಉತ್ತರ. ಸ್ವಲ್ಪ ಹೊತ್ತು ಸುಮ್ನೆ ಅವರ ಕೈ ನೋಡುತ್ತಾ ಕೂತೆ. ಆಮೇಲೆ ಬೇರೆ ತರಹ ಕೇಳಿದೆ: 'ಆಗ್ಲೇ ಆ ಪೀಸು ಬೇಗ ಆಯ್ತಲ್ಲ, ಇದ್ಯಾಕಕ್ಕಾ ಇಷ್ಟು ಹೊತ್ತು ಉಜ್ಜಿದ್ರಿ?' ಆಗ ಮಾತು ಬಂತು. 'ಇದು ಎರಡನೇ ಪ್ರೆಸ್ದು ಸಾರ್. ಅದ್ರಲ್ಲಿ ಬಂದಿದ್ದು ಯಾವಾಗ್ಲೂ ಹಿಂಗೇ, ಗರಗಸ ಇದ್ದಂಗಿರ್ತದೆ. ಹೇಳೀ ಹೇಳೀ ಸಾಕಾಯ್ತು.'

ಎರಡನೇ ಪ್ರೆಸ್‌ನ ಪಂಚ್, ಅಂದರೆ ಶೀಟ್ ಕತ್ತರಿಸುವ ಅಚ್ಚಿನ ಮೇಲಿನ ಭಾಗ, ಮೊಂಡಾಗಿತ್ತು. ಪಂಚ್ ಅಂಚು ಸವೆದರೆ, ಇಲ್ಲಾ ಪಂಚ್ ಮತ್ತು ಅದರ ಕೆಳಗಿನ ಡೈ ನಡುವಿನ ಸಂದು ಜಾಸ್ತಿಯಾದರೆ ಬರ್ ದಪ್ಪ ಬರುತ್ತೆ, ಇದು ನಿಮಗೆ ಗೊತ್ತೇ ಇದೆ. ಯಾಕೆ ಗ್ರೈಂಡ್ ಮಾಡಿಸಿಲ್ಲ? ಟೂಲ್ ರೂಮ್ ಹುಡುಗನಿಗೆ ಪುರುಸೊತ್ತಿಲ್ಲ. ಯಾಕೆ ಪುರುಸೊತ್ತಿಲ್ಲ? ಅರ್ಧ ದಿನ ಅವನು ಡಿಸ್ಪ್ಯಾಚ್‌ನಲ್ಲಿ ಲೋಡಿಂಗ್ ಮಾಡುತ್ತಾನೆ. ಯಾಕೆ? ಲೋಡಿಂಗ್‌ಗೆ ಇದ್ದ ಇಬ್ಬರನ್ನು ಖರ್ಚು ಉಳಿಸಲು ಬಿಡಿಸಿದ್ದರು. ಆ ತೀರ್ಮಾನ ಮಾಡಿದ್ದು ಮಾಲೀಕರು. ಇಬ್ಬರ ಸಂಬಳ ಉಳಿಯಿತು ಅಂತ ಅವರ ಲೆಕ್ಕ. ಆ ಉಳಿತಾಯಕ್ಕೆ ನಾಲ್ಕು ಜನ ದಿನವಿಡೀ ಕೂತು ಬರ್ ಉಜ್ಜುತ್ತಿದ್ದರು.

ಯಾಕೆ ಅಂತ ಐದು ಸಲ ಕೇಳಿ ಅನ್ನೋದನ್ನು ನಿಮಗೆ ತರಬೇತಿಯಲ್ಲಿ ಹೇಳಿಯೇ ಇರುತ್ತಾರೆ. ಟೊಯೊಟಾದಿಂದ ಬಂದ ಪದ್ಧತಿ ಅದು. ಆದರೆ ಪ್ರಾಮಾಣಿಕವಾಗಿ ಕೇಳಿದರೆ ಮೂರನೆಯದೋ ನಾಲ್ಕನೆಯದೋ ಪ್ರಶ್ನೆ ಮಾಲೀಕರ ಮೇಜಿಗೇ ಬರುತ್ತೆ. ಅಲ್ಲಿಗೆ ಬರಲು ಬಿಡದ ಕಡೆ ಪ್ರತಿ ಸಲವೂ ಕಾರಣ 'ಆಪರೇಟರ್ ನಿರ್ಲಕ್ಷ್ಯ' ಅಂತ ಮುಗಿಯುತ್ತೆ. ನಿಮ್ಮ ಹಳೆಯ ರಿಜೆಕ್ಷನ್ ವರದಿಗಳನ್ನು ತೆಗೆದು ನೋಡಿ. ಎಷ್ಟು ಕಡೆ ಆ ಎರಡು ಪದ ಇದೆ, ಎಷ್ಟು ಕಡೆ ಪರ್ಚೇಸ್, ಪ್ಲಾನಿಂಗ್, ಮ್ಯಾನೇಜ್‌ಮೆಂಟ್ ಅಂತ ಇದೆ? ಜನ ಬಾಯಿ ಬಿಡುತ್ತಾರಾ ಇಲ್ಲವಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಎಡ್ವರ್ಡ್ಸ್ ಡೆಮಿಂಗ್ ಅನ್ನೋ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರ್‌ಗಳಿಗೂ ಕಂಪನಿ ಮುಖ್ಯಸ್ಥರಿಗೂ ಗುಣಮಟ್ಟದ ಪಾಠ ಮಾಡಿದವರು. 1951ರಿಂದ ಅವರ ಹೆಸರಿನಲ್ಲೇ ಪ್ರಶಸ್ತಿ ಇದೆ. ನಮ್ಮ ನಂಜನಗೂಡು ರಸ್ತೆಯಲ್ಲಿ ಘಟಕ ಇರುವ ಟಿವಿಎಸ್ ಮೋಟಾರ್ ಕಂಪನಿಗೆ 2002ರಲ್ಲಿ ಬಂದದ್ದು ಅದೇ ಪ್ರಶಸ್ತಿ. ಡೆಮಿಂಗ್ ಕಂಪನಿ ನಡೆಸುವವರಿಗೆ ಅಂತ 14 ಮಾತು ಹೇಳಿದರು. ಅದರಲ್ಲಿ ಒಂದು, ಕೆಲಸದ ಜಾಗದಿಂದ ಭಯ ಓಡಿಸಿ. ಇನ್ನೊಂದು, ಕೆಲಸಗಾರರಿಗೆ ಬುದ್ಧಿ ಹೇಳುವ ಘೋಷಣೆ, ಪೋಸ್ಟರ್‌ಗಳನ್ನು ಗೋಡೆಯಿಂದ ತೆಗೆಯಿರಿ. ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ವ್ಯವಸ್ಥೆಯಿಂದ, ಅದು ಕೆಲಸಗಾರನ ಕೈಯಲ್ಲಿ ಇಲ್ಲ ಅನ್ನೋದು ಅವರ ವಾದ. ಮೊಂಡ ಪಂಚ್ ಕೊಟ್ಟು ಎದುರಿಗೆ 'ಝೀರೋ ಡಿಫೆಕ್ಟ್' ಅಂತ ಬೋರ್ಡ್ ಹಾಕಿದರೆ, ಅದನ್ನು ದಿನಾ ಓದುವವನಿಗೆ ಹೇಗನ್ನಿಸಬೇಕು ಹೇಳಿ. ನಿಮ್ಮ ಪೋಸ್ಟರ್‌ಗಳನ್ನು ಇಳಿಸಿ. ಅದರಲ್ಲೂ ಇಂಗ್ಲಿಷಿನಲ್ಲಿ ಇರುವವನ್ನು ಮೊದಲು ಇಳಿಸಿ.

'ಅದೆಲ್ಲ ಜಪಾನ್ ಸಾರ್, ಅವರ ಶಿಸ್ತೇ ಬೇರೆ' ಅನ್ನೋ ಮಾತು ನಮ್ಮಲ್ಲಿ ತುಂಬಾ ಕೇಳಿಬರುತ್ತೆ. ಟೊಯೊಟಾ ಕಥೆಯನ್ನು ಅರ್ಧದಿಂದ ಕೇಳಿದವರು ಹೀಗೆ ಹೇಳುತ್ತಾರೆ. 1950ರಲ್ಲಿ ಆ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಸಾಲ, ಮುಷ್ಕರ, ಸುಮಾರು ಎರಡು ಸಾವಿರ ಜನ ಕೆಲಸ ಬಿಟ್ಟು ಹೋದರು. ಅದರ ಹೊಣೆ ಹೊತ್ತು ಸ್ಥಾಪಕ ಕಿಯಿಚಿರೊ ಟೊಯೊಡಾ ಅವರೇ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ವರ್ಷ ಅವರ ಸಂಬಂಧಿ, ಅದೇ ಕಂಪನಿಯ ಎಯಿಜಿ ಟೊಯೊಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆ ನೋಡಿದರು. ಅಲ್ಲಿನ ಸಲಹೆ ಪದ್ಧತಿ ಅವರಿಗೆ ಹಿಡಿಸಿತು. 1951ರಲ್ಲಿ ಟೊಯೊಟಾದಲ್ಲೂ ಅದು ಶುರುವಾಯಿತು. 1962ರಲ್ಲಿ ಆಡಳಿತ ಮಂಡಳಿ ಮತ್ತು ಕಾರ್ಮಿಕ ಸಂಘ ಸೇರಿ, ಒಬ್ಬರನ್ನೊಬ್ಬರು ನಂಬಿ ನಡೆಯುತ್ತೇವೆ ಅಂತ ಜಂಟಿ ಘೋಷಣೆಗೆ ಸಹಿ ಹಾಕಿದವು. ನಡುವೆ ಹನ್ನೆರಡು ವರ್ಷ ಇದೆ, ನೋಡಿ. ಇನ್ನು, ಟೊಯೊಟಾ ಹೆಸರು ಇದ್ದ ಮಾತ್ರಕ್ಕೆ ಎಲ್ಲ ಸರಿ ಇರುತ್ತೆ ಅಂತಲೂ ಅಲ್ಲ. ನಮ್ಮ ಬೆಂಗಳೂರು ದಾರಿಯ ಬಿಡದಿ ಕಾರ್ಖಾನೆಯಲ್ಲೇ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕ್‌ಔಟ್ ಎರಡೂ ಆದವು. ನಂಬಿಕೆಯನ್ನು ಪ್ರತಿ ಊರಲ್ಲೂ, ಪ್ರತಿ ಶಿಫ್ಟ್‌ನಲ್ಲೂ ಹೊಸದಾಗಿ ಗಳಿಸಬೇಕು.

ಜನ ಬದಲಾಗಬೇಕಾ, ನಡೆಸುವ ರೀತಿ ಬದಲಾಗಬೇಕಾ ಅನ್ನೋ ಪ್ರಶ್ನೆಗೆ ನನಗೆ ತಿಳಿದ ಒಳ್ಳೆಯ ಉದಾಹರಣೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನದ್ದು. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಜಗಳ, ಗೈರುಹಾಜರಿ, ಕೆಟ್ಟ ಗುಣಮಟ್ಟಕ್ಕೆ ಹೆಸರಾಗಿ 1982ರಲ್ಲಿ ಮುಚ್ಚಿತು. ಯಾವ ದಿನ ನೋಡಿದರೂ ಐದರಲ್ಲಿ ಒಬ್ಬರು ಗೈರು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಜೊತೆಗೂಡಿ ಅದನ್ನೇ ಮತ್ತೆ ತೆರೆದವು. ಹೆಚ್ಚಿನವರು ಅದೇ ಹಳೇ ಕೆಲಸಗಾರರು, ಯೂನಿಯನ್ ಕೂಡ ಅದೇ. ಗೈರುಹಾಜರಿ ಶೇ. 2ರ ಆಸುಪಾಸಿಗೆ ಇಳಿಯಿತು. ಹೊಸದಾಗಿ ಬಂದದ್ದು ಏನು ಅಂದರೆ, ತಪ್ಪು ಕಂಡ ಯಾವ ಕೆಲಸಗಾರನಾದರೂ ತಲೆ ಮೇಲಿನ ಹಗ್ಗ ಎಳೆಯಬಹುದು. ಎಳೆದ ತಕ್ಷಣ ಟೀಮ್ ಲೀಡರ್ ಓಡಿ ಬರುತ್ತಾನೆ, ಬಂದು ಸಹಾಯ ಮಾಡುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತೆ. ಹಿಂದೆ ಇದೇ ಜಾಗದಲ್ಲಿ ಏನೇ ಆದರೂ ಲೈನ್ ನಿಲ್ಲಿಸುವ ಹಾಗಿರಲಿಲ್ಲ. ತಪ್ಪು ಇದ್ದ ಕಾರು ಹಾಗೇ ಮುಂದೆ ಹೋಗುತ್ತಿತ್ತು.

ನಿಮ್ಮ ಎಪ್ಪತ್ತು ಜನರ ಘಟಕಕ್ಕೆ ಹಗ್ಗವೂ ಬೇಡ, ಸಾಫ್ಟ್‌ವೇರೂ ಬೇಡ. ಪ್ರತಿ ಪ್ರೆಸ್ ಹತ್ತಿರ ಒಂದು ಸ್ವಿಚ್, ಮೇಲೊಂದು ಕೆಂಪು ಬಲ್ಬು ಸಾಕು. ಬಲ್ಬು ಹತ್ತಿದರೆ ಒಂದು ನಿಮಿಷದೊಳಗೆ ಒಬ್ಬರು ಅಲ್ಲಿ ಇರಬೇಕು, ಮತ್ತು ಬಾಯಿಂದ ಬರುವ ಮೊದಲ ಮಾತು 'ಕರೆದಿದ್ದು ಒಳ್ಳೇದಾಯ್ತು' ಅಂತ ಇರಬೇಕು. 'ಏನ್ ಮಾಡ್ದೆ?' ಅಂತ ಇರಬಾರದು. ಇದು ನಿಮ್ಮ ಕೈಲಿ ಆಗಲ್ಲ ಅನ್ನಿಸಿದರೆ ದಯವಿಟ್ಟು ಬಲ್ಬ್ ಹಾಕಿಸಬೇಡಿ. ಹತ್ತಿದರೂ ಯಾರೂ ಬರದ ಬಲ್ಬು ಖಾಲಿ ಪೆಟ್ಟಿಗೆಗಿಂತ ಕೆಟ್ಟದ್ದು.

ಈಗ ಯಾರೂ ಬಾಯಿ ಬಿಟ್ಟು ಹೇಳದ ಒಂದು ಭಯದ ವಿಷಯಕ್ಕೆ ಬರುತ್ತೇನೆ. ಆರು ಜನ ಮಾಡುವ ಕೆಲಸ ಐದು ಜನರಲ್ಲಿ ಆಗುವ ಹಾಗೆ ನಾನು ದಾರಿ ತೋರಿಸಿದರೆ, ಆರನೆಯವನು ಯಾರು? ನಾನೇನಾ? ನನ್ನ ಭಾವಮೈದುನನಾ? ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಘಟಕಗಳಲ್ಲಿ ಒಂದೇ ಊರಿನ, ಒಂದೇ ಮನೆತನದ ಜನ ಒಟ್ಟಿಗೆ ಇರೋದು ಸಾಮಾನ್ಯ. ಒಬ್ಬನ ಕೆಲಸ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ. ಹಾಗಾಗಿ ನೀವು ಬರವಣಿಗೆಯಲ್ಲಿ ಒಂದು ಮಾತು ಕೊಡಬೇಕು: ಸುಧಾರಣೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಆರ್ಡರ್ ಕಡಿಮೆಯಾದರೆ ಏನಾಗುತ್ತೆ ಅಂತ ಯಾರೂ ಮಾತು ಕೊಡಲಾರರು, ಅದನ್ನು ಮುಚ್ಚುಮರೆ ಇಲ್ಲದೆ ಹೇಳಿ. ಆದರೆ ಇದನ್ನು ಮಾತ್ರ ಕೊಡಿ, ನಿಮ್ಮ ಸಹಿ ಹಾಕಿ ಕನ್ನಡದಲ್ಲಿ ಗೇಟಿನ ಹತ್ತಿರ ಅಂಟಿಸಿ. ಆಮೇಲೆ ಲೈನಿನಲ್ಲಿ ನಿಜವಾಗಿ ಒಬ್ಬರು ಮಿಕ್ಕಾಗ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರನ್ನು ಹೊರಗೆ ತೆಗೆಯಿರಿ. ಅವರಿಗೆ ಫಿಕ್ಸ್ಚರ್ (ಕೆಲಸ ಮಾಡುವಾಗ ಪೀಸನ್ನು ಹಿಡಿದಿಡುವ ಸಾಧನ) ಮಾಡುವ, ಬೇರೆಯವರಿಗೆ ಕಲಿಸುವ ಕೆಲಸ ಕೊಡಿ. ಲೈನಿನಿಂದ ಹೊರಗೆ ಬರೋದು ಮರ್ಯಾದೆಯ ವಿಷಯ ಅಂತ ಜನಕ್ಕೆ ಕಾಣಬೇಕು.

ಈ ಮಾತು ಗುತ್ತಿಗೆಯವರಿಗೂ ಸಲ್ಲಬೇಕು. ಎಷ್ಟೋ ಕಡೆ ಯಂತ್ರ ಮುಟ್ಟುವವರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಕೈಜೆನ್ ಸಭೆಯಲ್ಲಿ ಮಾತ್ರ ಅವರಿಗೆ ಜಾಗ ಇಲ್ಲ. ಅವರಿಗೆ ಬೇರೆ ಬಣ್ಣದ ಯೂನಿಫಾರ್ಮ್, ಊಟಕ್ಕೆ ಬೇರೆ ಹೊತ್ತು. ಹೀಗೆ ಇಟ್ಟುಕೊಂಡು ಅವರಿಂದ ಮನಸ್ಸಿಟ್ಟ ಕೆಲಸ ಬಯಸುವುದು ನ್ಯಾಯ ಅಲ್ಲ. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದ ಹುಡುಗರು ನಿಮ್ಮಲ್ಲಿ ಇದ್ದರೆ, ಅವರ ಜೊತೆ ಹಿಂದಿಯಲ್ಲಿ ಮಾತಾಡಬಲ್ಲ ಒಬ್ಬರು ಶಿಫ್ಟ್‌ಗೆ ಒಬ್ಬರಾದರೂ ಇರಲಿ.

ಇನ್ನು ಸೂಪರ್‌ವೈಸರ್. ನನ್ನ ಅನುಭವದಲ್ಲಿ ಈ ಕೆಲಸ ಕೂಡುವುದೂ ಕೆಡುವುದೂ ಇವರ ಕೈಯಲ್ಲೇ. ಆಡಿಟ್ ಹತ್ತಿರ ಬಂದರೆ ನಿಮ್ಮ ಸೂಪರ್‌ವೈಸರ್‌ಗಳೇ ಕೂತು ಕೈಜೆನ್ ಶೀಟ್ ತುಂಬಿಸುತ್ತಾರೆ ಅಂದಿದ್ದೀರಿ. ಅವರನ್ನು ಬೈಯಬೇಡಿ. ನೀವು ಕೇಳಿದ್ದು ಶೀಟು, ಅವರು ಕೊಟ್ಟಿದ್ದೂ ಶೀಟು. ಅವರ ಸ್ಥಿತಿ ಯೋಚಿಸಿ. ನಿನ್ನೆವರೆಗೆ ಒಳ್ಳೇ ಆಪರೇಟರ್ ಆಗಿದ್ದವನನ್ನು ಇವತ್ತು ಸೂಪರ್‌ವೈಸರ್ ಮಾಡುತ್ತೇವೆ. ಜನರ ಜೊತೆ ಹೇಗೆ ಮಾತಾಡಬೇಕು, ಹೊಸಬನಿಗೆ ಹೇಗೆ ಕಲಿಸಬೇಕು ಅಂತ ಒಂದು ದಿನವೂ ಹೇಳಿಕೊಡಲ್ಲ. ಸಂಜೆ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪೀಸ್ ಆಯ್ತು? ಅವನು ಆ ಪ್ರಶ್ನೆಯನ್ನೇ ಕೆಳಗೆ ದಾಟಿಸುತ್ತಾನೆ, ಸ್ವಲ್ಪ ಜೋರಾಗಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಇದೇ ಸಮಸ್ಯೆ ಬಂತು. ನುರಿತವರು ಸೈನ್ಯಕ್ಕೆ ಹೋದರು, ಕಾರ್ಖಾನೆ ತುಂಬ ಹೊಸಬರು. 1940ರಿಂದ 1945ರವರೆಗೆ ಅಲ್ಲಿನ ಸರ್ಕಾರ ಸೂಪರ್‌ವೈಸರ್‌ಗಳಿಗೆ ಅಂತಲೇ ತರಬೇತಿ ನಡೆಸಿತು. ಹತ್ತು ಗಂಟೆಯ ಪಾಠ, ಎರಡೆರಡು ಗಂಟೆಯಂತೆ ಐದು ಸಲ. ಒಂದು ಪಾಠ ಕೆಲಸ ಕಲಿಸುವುದಕ್ಕೆ, ಒಂದು ಕೆಲಸದ ವಿಧಾನ ಸುಧಾರಿಸುವುದಕ್ಕೆ, ಒಂದು ಜನರ ಜೊತೆ ನಡೆದುಕೊಳ್ಳುವುದಕ್ಕೆ. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಗಿ ಅಲ್ಲಿ ಬೇರು ಬಿಟ್ಟಿತು. ಮೂರನೇ ಪಾಠದಲ್ಲಿ ನಾಲ್ಕು ಮಾತು ಇದೆ. ಅವರ ಕೆಲಸ ಹೇಗೆ ನಡೀತಿದೆ ಅಂತ ಪ್ರತಿಯೊಬ್ಬರಿಗೂ ತಿಳಿಸಿ. ಮೆಚ್ಚಬೇಕಾದ್ದನ್ನು ಆ ಹೊತ್ತಿಗೇ ಮೆಚ್ಚಿ. ಅವರಿಗೆ ತಟ್ಟುವ ಬದಲಾವಣೆ ಇದ್ದರೆ ಮೊದಲೇ ಹೇಳಿ. ಅವರಲ್ಲಿರುವ ಸಾಮರ್ಥ್ಯ ಪೂರ್ತಿ ಬಳಸಿ. ಎಂಬತ್ತು ವರ್ಷದ ಹಿಂದಿನ ಮಾತು, ಈಗಲೂ ಇದಕ್ಕಿಂತ ಉಪಯೋಗದ್ದು ನನಗೆ ಸಿಕ್ಕಿಲ್ಲ. ನಿಮ್ಮ ಸೂಪರ್‌ವೈಸರ್‌ಗಳಿಗೆ ಈ ನಾಲ್ಕನ್ನು ಒಂದೊಂದಾಗಿ, ವಾರಕ್ಕೊಂದರಂತೆ ಕೊಡಿ. 'ಈ ವಾರ ಯಾರಿಗೆ ಏನು ಮೊದಲೇ ಹೇಳಿದ್ರಿ?' ಅಂತ ಶನಿವಾರ ನೀವೇ ಕೇಳಿ. ಪೀಸ್ ಲೆಕ್ಕ ಕೇಳುವ ಮೊದಲು ಇದನ್ನು ಕೇಳಿ. ಯಾವುದನ್ನು ಮೊದಲು ಕೇಳುತ್ತೀರೋ ಅದನ್ನೇ ಅವರು ಮುಖ್ಯ ಅಂದುಕೊಳ್ಳುತ್ತಾರೆ.

ಫೈವ್ ಎಸ್ ಬಗ್ಗೆ ನನಗೆ ಒಂದು ಬಲವಾದ ಅಭಿಪ್ರಾಯ ಇದೆ. ಮೈಸೂರಿನವರಿಗೆ ಅದನ್ನು ಹೊರಗಿನಿಂದ ತಂದು ಕಲಿಸುವ ಅಗತ್ಯ ಇಲ್ಲ. ಆಯುಧಪೂಜೆಯ ಹಿಂದಿನ ದಿನ ನಿಮ್ಮ ಶಾಪ್‌ಫ್ಲೋರ್‌ಗೆ ಹೋಗಿ ನಿಂತುಕೊಳ್ಳಿ. ಯಾರೂ ಹೇಳದೆ ಪ್ರತಿಯೊಬ್ಬರೂ ತಮ್ಮ ಯಂತ್ರ ತೊಳೆಯುತ್ತಾರೆ. ಡೀಸೆಲ್ ಬಟ್ಟೆ ಹಿಡಿದು ಬೆಡ್ ಅಡಿಗೆ, ಗಾರ್ಡ್ ಹಿಂದೆ, ಕೈ ಹೋಗದ ಮೂಲೆಗೆಲ್ಲ ಕೈ ಹಾಕುತ್ತಾರೆ. ವರ್ಷವಿಡೀ ಮೂಲೆಯಲ್ಲಿ ಬಿದ್ದಿದ್ದ ಗುಜರಿ ಅವತ್ತು ಹೊರಗೆ ಹೋಗುತ್ತೆ. ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ಮನೆಯವರನ್ನೂ ಮಕ್ಕಳನ್ನೂ ಕರೆತಂದು 'ಇದೇ ನನ್ ಮಿಷಿನ್' ಅಂತ ತೋರಿಸುತ್ತಾರೆ. ಆ ಮಾತಿನಲ್ಲಿ ನೀವು ಕೇಳುತ್ತಿರುವುದೆಲ್ಲ ಇದೆ. ಕಂಪನಿಯ ಮಿಷಿನ್ ಅನ್ನಲಿಲ್ಲ, ನನ್ನ ಮಿಷಿನ್ ಅಂದರು.

ಯಂತ್ರ ಒರೆಸುವುದು ಅಂದರೆ ಅದನ್ನು ಪರೀಕ್ಷೆ ಮಾಡುವುದು. ಎಣ್ಣೆ ಎಲ್ಲಿ ಜಿನುಗುತ್ತಿದೆ, ಯಾವ ಬೋಲ್ಟ್ ಸಡಿಲ, ಎಲ್ಲಿ ಬಿರುಕು ಅನ್ನೋದು ಒರೆಸುವ ಕೈಗೆ ಮಾತ್ರ ಸಿಗುತ್ತೆ. ಆಯುಧಪೂಜೆಯ ಹಿಂದಿನ ದಿನ ನಿಮ್ಮ ಜನಕ್ಕೆ ಇದೆಲ್ಲ ಕಂಡಿರುತ್ತೆ. ಬರೆದುಕೊಳ್ಳುವವರು ಯಾರೂ ಇರುವುದಿಲ್ಲ. ವಿಜಯದಶಮಿ ರಜೆ ಮುಗಿದು ಬರುವಷ್ಟರಲ್ಲಿ ಅರ್ಜೆಂಟ್ ಆರ್ಡರ್ ಕಾದಿರುತ್ತೆ, ಕಂಡದ್ದೆಲ್ಲ ಮರೆತುಹೋಗುತ್ತೆ. ಈ ಸಲ ಪ್ರತಿ ಯಂತ್ರಕ್ಕೂ ಒಂದು ರಟ್ಟಿನ ಚೀಟಿ ನೇತುಹಾಕಿ. ಒರೆಸುವಾಗ ಕಂಡದ್ದನ್ನು ಅವರೇ ಬರೆಯಲಿ, ಬರೆಯಲು ಬಾರದಿದ್ದರೆ ಸೀಮೆಸುಣ್ಣದಲ್ಲಿ ಆ ಜಾಗಕ್ಕೆ ಗುರುತು ಹಾಕಲಿ. ಮುಂದಿನ ಹದಿನೈದು ದಿನ ಮೇಂಟೆನೆನ್ಸ್‌ನವರ ಮೊದಲ ಕೆಲಸ ಆ ಚೀಟಿಗಳು. ಆಮೇಲೆ ಶನಿವಾರ ಕಡೆಯ ಅರ್ಧ ಗಂಟೆ ಪ್ರೆಸ್ ನಿಲ್ಲಿಸಿ, ಅದೇ ಒರೆಸುವ ಕೆಲಸಕ್ಕೆ ಬಿಡಿ. ಆ ಅರ್ಧ ಗಂಟೆಗೆ ಸಂಬಳ ಇರಬೇಕು. ಶಿಫ್ಟ್ ಮುಗಿದ ಮೇಲೆ ಮಾಡಿ ಹೋಗಿ ಅಂದರೆ ನಾನು ಹೇಳಿದ್ದೆಲ್ಲ ವ್ಯರ್ಥ.

ನಾಟಿ ರಜೆಯ ವಿಷಯ. ನಿಮ್ಮ ಜನರಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯದ ಕಡೆಯವರು ಇರುತ್ತಾರೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಅವರಿಗೆ ನಾಟಿ ಮಾಡಲೇಬೇಕು. ಆಳು ಸಿಗೋದು ಅವತ್ತೇ, ನೀರು ಬರೋದೂ ಅವತ್ತೇ. ಅದನ್ನು ಗೈರುಹಾಜರಿ ಅಂತ ದಂಡ ಹಾಕಿದರೆ 'ಅಜ್ಜಿ ತೀರಿಕೊಂಡರು' ಅಂತ ಸುಳ್ಳು ಹೇಳುತ್ತಾರೆ, ನಿಮಗೆ ಪ್ಲಾನ್ ಮಾಡಲು ಆಗಲ್ಲ. ಅದರ ಬದಲು ಒಂದು ದೊಡ್ಡ ಕ್ಯಾಲೆಂ‍ಡರ್ ಗೋಡೆಗೆ ಹಾಕಿ. ನಾಟಿ, ಕೊಯ್ಲು, ಕಬ್ಬು ಕಡಿಯೋದು, ಊರಹಬ್ಬ, ಮಾರಿಹಬ್ಬ ಏನಿದ್ದರೂ ಅವರೇ ಮುಂಚೆ ಗುರುತು ಹಾಕಲಿ. ಒಂದೇ ವಾರಕ್ಕೆ ತುಂಬಾ ಜನ ಬಂದರೆ ಯಾರು ಯಾವಾಗ ಹೋಗಬೇಕು ಅನ್ನೋದನ್ನು ಅವರವರೇ ಕೂತು ಹೊಂದಿಸಿಕೊಳ್ಳಲಿ. ನೀವು ಮಾಡಬೇಕಾದ್ದು, ಒಬ್ಬೊಬ್ಬರಿಗೂ ಕನಿಷ್ಠ ಮೂರು ಯಂತ್ರದ ಕೆಲಸ ಕಲಿಸುವುದು, ಯಾರಿಗೆ ಯಾವುದು ಬರುತ್ತೆ ಅಂತ ಪಕ್ಕದಲ್ಲೇ ಒಂದು ಪಟ್ಟಿ ಹಾಕುವುದು. ಮೂರು ಕೆಲಸ ಬಲ್ಲವರಿಗೆ ಕೂಲಿಯಲ್ಲೂ ಸ್ವಲ್ಪ ಹೆಚ್ಚು ಕೊಡಿ.

ಬಹುಮಾನದ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ: ನಿಲ್ಲಿಸಿ. ತಿಂಗಳಿಗೆ ಒಬ್ಬರಿಗೆ ಕೊಟ್ಟರೆ ಉಳಿದ ಅರವತ್ತೊಂಬತ್ತು ಜನಕ್ಕೆ ಸಿಗಲಿಲ್ಲ ಅಂತಲೇ ಅರ್ಥ. ಉಳಿತಾಯದಲ್ಲಿ ಇಷ್ಟು ಪಾಲು ಅಂದರೆ ಮೊದಲು ಯೋಚಿಸಿದ್ದು ಯಾರು ಅನ್ನೋ ಜಗಳ ಶುರುವಾಗುತ್ತೆ, ಸಣ್ಣ ಸುಧಾರಣೆ ಯಾರೂ ಹೇಳಲ್ಲ. ವರ್ಷದ ಕೊನೆಯಲ್ಲಿ ಲಾಭ ಜಾಸ್ತಿ ಬಂದರೆ ಬೋನಸ್‌ನಲ್ಲಿ ಎಲ್ಲರಿಗೂ ಸೇರಿಸಿ ಕೊಡಿ. ಒಬ್ಬೊಬ್ಬರ ಕೆಲಸಕ್ಕೆ ಹೆಸರು ಮುಖ್ಯ. ಆ ಅಕ್ಕ ಟ್ಯೂಬ್ ಸುತ್ತಿದ ಅರವನ್ನು ಬೋರ್ಡಿನ ಹತ್ತಿರ ನೇತುಹಾಕಿ, ಅವರ ಹೆಸರು ಬರೆದು, ಬಂದ ಆಡಿಟರ್‌ಗೆ ಅವರೇ ವಿವರಿಸಲಿ ಅಂತ ಬಿಟ್ಟಿದ್ದರೆ ಆ ಘಟಕದಲ್ಲಿ ಏನೇನು ಆಗಬಹುದಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ.

ಅಳೆಯುವುದಾದರೆ ಎಷ್ಟು ಕೈಜೆನ್ ಬಂತು ಅಂತ ಎಣಿಸಬೇಡಿ. ತಿಂಗಳಿಗೆ ತಲೆಗೆ ಇಷ್ಟು ಅಂತ ಗುರಿ ಇಟ್ಟ ದಿನವೇ ಸುಳ್ಳು ಶೀಟು ಶುರು. ಎರಡು ಲೆಕ್ಕ ಇಡಿ. ತೊಂದರೆ ಹೇಳಿದ ದಿನದಿಂದ ಉತ್ತರ ಸಿಗಲು ಎಷ್ಟು ದಿನ ಆಯಿತು? ಆಗಲ್ಲ ಅನ್ನೋದೂ ಉತ್ತರವೇ, ಕಾರಣ ಹೇಳಿದರೆ. ಎರಡನೆಯದು, ತಾನು ಹೇಳಿದ ಒಂದಾದರೂ ಆಗಿದೆ ಅನ್ನುವವರು ಎಪ್ಪತ್ತರಲ್ಲಿ ಎಷ್ಟು ಜನ? ಹೆಣ್ಣುಮಕ್ಕಳಲ್ಲಿ ಎಷ್ಟು, ಗುತ್ತಿಗೆಯವರಲ್ಲಿ ಎಷ್ಟು ಅಂತ ಬೇರೆ ಬೇರೆ ನೋಡಿ.

ಶುರು ಮಾಡೋದು ಹೀಗೆ. ಸೋಮವಾರದಿಂದ ದಿನಾ ಶಿಫ್ಟ್ ಶುರುವಾಗುವಾಗ ಹತ್ತು ನಿಮಿಷ, ನಿಂತುಕೊಂಡೇ, ಕನ್ನಡದಲ್ಲಿ ಮಾತು. ಮೂರೇ ಪ್ರಶ್ನೆ: ನಿನ್ನೆ ಯಾವ ಕೆಲಸ ಎರಡು ಸಲ ಮಾಡಬೇಕಾಯ್ತು, ಯಾವುದಕ್ಕೆ ಕಾಯಬೇಕಾಯ್ತು, ಎಲ್ಲಿ ಮೈಕೈ ನೋವಾಯ್ತು? ಹೇಳಿದ್ದನ್ನು ಬೋರ್ಡ್ ಮೇಲೆ ಬರೆಯಿರಿ, ಪಕ್ಕದಲ್ಲಿ ಮಾಡುವವರ ಹೆಸರು, ದಿನಾಂಕ. ಮೊದಲ ವಾರ ಯಾರೂ ಮಾತಾಡಲ್ಲ. ಹಳೇ ಪೆಟ್ಟಿಗೆಯ ಚೀಟಿ ಉಳಿದಿದ್ದರೆ ಅದರಿಂದಲೇ ಶುರು ಮಾಡಿ. ಟಾಯ್ಲೆಟ್ ಮೊದಲು. ಹೆಣ್ಣುಮಕ್ಕಳು ನೀರು ಕುಡಿಯದೆ ದಿನ ಕಳೆಯುವ ಘಟಕಗಳು ನಮ್ಮಲ್ಲಿ ಇನ್ನೂ ಇವೆ, ನಿಮ್ಮದು ಅಂಥದ್ದಾಗದಿರಲಿ. ದಿನಕ್ಕೊಮ್ಮೆ ನೀವೇ ಒಂದು ಜಾಗದಲ್ಲಿ ಅರ್ಧ ಗಂಟೆ ನಿಂತು ಸುಮ್ನೆ ನೋಡಿ. ಫೋನ್ ಆಫೀಸಿನಲ್ಲಿ ಬಿಟ್ಟು ಬನ್ನಿ.

ಕನ್ಸಲ್ಟೆಂಟ್ ಈಗ ಬೇಡ. ಹೊರಗಿನವರು ಬಂದರೆ ಜನ ಮತ್ತೆ 'ಚೆನ್ನಾಗೈತೆ ಸಾರ್' ಅನ್ನುತ್ತಾರೆ. ಬೋರ್ಡ್ ತುಂಬಿ, ನಿಮ್ಮವರ ಕೈಲಿ ಬಗೆಹರಿಯದ ತಾಂತ್ರಿಕ ಸಮಸ್ಯೆಗಳು ಉಳಿದಾಗ, ಡೈ ವಿನ್ಯಾಸಕ್ಕೋ ಪೌಡರ್ ಕೋಟಿಂಗ್‌ಗೋ ಅದು ಬಲ್ಲವರನ್ನು ಕರೆಸಿ. ಆ ಯಂತ್ರದ ಆಪರೇಟರ್‌ನನ್ನು ಅವರ ಎದುರು ಕೂರಿಸಿ. ಕ್ವಾಲಿಟಿ ಸರ್ಕಲ್, ಅಂದರೆ ಕೆಲಸಗಾರರೇ ಸಣ್ಣ ಗುಂಪಾಗಿ ಕೂತು ತಮ್ಮ ಕೆಲಸದ ಸಮಸ್ಯೆ ಬಗೆಹರಿಸುವ ಕೂಟ, ಮಾಡುವ ಮನಸ್ಸಿದ್ದರೆ ಅದೂ ಆಗಬಹುದು. 1962ರಲ್ಲಿ ಜಪಾನಿನಲ್ಲಿ ಶುರುವಾಗಿ 1980ರ ದಶಕದ ಆರಂಭದಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ನಮ್ಮ ದೇಶಕ್ಕೆ ಬಂದ ಪದ್ಧತಿ ಅದು, ನಮ್ಮ ಜನಕ್ಕೆ ಒಗ್ಗಿದೆ. ಆದರೆ ಅದನ್ನು ಆರು ತಿಂಗಳು ಬಿಟ್ಟು ನೋಡಿ. ಮೊದಲು ಫ್ಯಾನ್ ಹಾಕಿಸಿ, ಪೌಡರ್ ಬೂತ್ ಕಡೆಗೆ ಗಾಳಿ ಬೀಸದ ಹಾಗೆ.